ಬಡಿಸಿ ಗೆದ್ದ ಯುದ್ಧ

ಈ ವಯಸ್ಸಿನಲ್ಲಿ ನಾನು ಬೆಳಗಾಗೆದ್ದು ನೆನೆಯುವುದು ದೇವರನ್ನಲ್ಲ, ಒಂದು ಗಂಟನ್ನು. ಬ್ರಹ್ಮಗಂಟಲ್ಲ, ಹಣದ ಗಂಟಂತೂ ಅಲ್ಲವೇ ಅಲ್ಲ. ಮೊಳದುದ್ದದ ದಾರಕ್ಕೆ ಬಿದ್ದ ಒಂದು ಬಡಪಾಯಿ ಗಂಟು. ಅದನ್ನು ಹಾಕಿದವರು ತಿಳಿದು ಹಾಕಿದರೋ ತಿಳಿಯದೆ ಹಾಕಿದರೋ ಎಂದು ನಮ್ಮೂರು ಇವತ್ತಿಗೂ ಕಟ್ಟೆಯ ಮೇಲೆ ಕೂತು ವಾದ ಮಾಡುತ್ತದೆ. ನನಗೆ ಗೊತ್ತು. ಹೇಳಬೇಡ ಎಂದು ಯಾರೂ ನನ್ನಿಂದ ಆಣೆ ಹಾಕಿಸಿಕೊಂಡಿಲ್ಲವಾದ್ದರಿಂದ ಹೇಳುತ್ತೇನೆ.

ನಮ್ಮೂರಲ್ಲಿ ಮಗು ಹುಟ್ಟಿದ ಹನ್ನೊಂದನೇ ದಿನ ಮಗುವನ್ನು ತೊಟ್ಟಿಲಿಗೆ ಹಾಕುತ್ತಾರೆ, ಅದರ ಬೊಂಬೆಯನ್ನು ಗೋಡೆಯ ಮೊಳೆಗೆ ನೇತುಹಾಕುತ್ತಾರೆ. ಆಮೇಲೆ ಇಬ್ಬರೂ ಒಟ್ಟಿಗೇ ಬೆಳೆಯುವುದು. ಬೊಂಬೆ ಮಾಡಿದ್ದು ಒಡೆಯ ಮಾಡಿದಂತೆಯೇ. ಮದುವೆಗೆ ಹೋಗಲು ಪುರುಸೊತ್ತಿಲ್ಲದವರು ಬೊಂಬೆ ಕಳಿಸುತ್ತಾರೆ. ಅದು ಅಕ್ಷತೆ ಹಾಕಿದರೆ ಇವರು ಹರಸಿದಂತೆ, ಅದರ ಮುಂದೆ ಎಲೆ ಹಾಕಿ ಬಡಿಸಿದರೆ ಇವರು ಉಂಡಂತೆ. ಪುರಸಭೆಯ ಸಭೆಗೆ ಸದಸ್ಯರು ಹೋಗಿದ್ದು ನಾನು ನೋಡಿಲ್ಲ, ಬೊಂಬೆಗಳೇ ಕೂತಿರುತ್ತವೆ. ‘ಅಂದಿನಿಂದ ನಿರ್ಣಯಗಳು ಸುಧಾರಿಸಿವೆ’ ಎಂದು ನನ್ನ ವಾರದ ಅಂಕಣದಲ್ಲಿ ಬರೆದಿದ್ದಕ್ಕೆ ಆ ಬೊಂಬೆಗಳು ಒಮ್ಮತದಿಂದ ನನ್ನನ್ನು ಖಂಡಿಸಿದವು. ಒಂದು ಕಟ್ಟಳೆ ಮಾತ್ರ ಬಲು ಬಿಗಿ: ಬೊಂಬೆಯನ್ನು ಆಡಿಸುವವನು ಯಾರೇ ಆಗಲಿ, ಅದರ ಕೈಕಾಲಿಗೆ ದಾರ ಕಟ್ಟುವುದು ಒಡೆಯನೇ, ತನ್ನ ಮನೆಯಲ್ಲಿ, ತನ್ನ ಕೈಯಾರೆ. ‘ನನ್ನ ಕೈ ಎತ್ತಿಸಿದವನು ಅವನು, ನಾನಲ್ಲ’ ಎಂದು ಆಮೇಲೆ ಯಾರೂ ತಕರಾರು ತೆಗೆಯಬಾರದಲ್ಲ, ಅದಕ್ಕೆ.

ಊರಿನ ಪಕ್ಕದಲ್ಲಿ ಹೊಳೆ, ಹೊಳೆಯಾಚೆ ಇನ್ನೊಂದು ಊರು. ಅವರದೂ ಇದೇ ಬೊಂಬೆ, ಇದೇ ಕಟ್ಟಳೆ. ಈ ಗಂಟು ಬೀಳುವುದಕ್ಕೆ ನಲವತ್ತೊಂದು ವರ್ಷ ಮುಂಚೆ ಎರಡೂ ಊರಿಗೆ ಯುದ್ಧವಾಯಿತು. ಸಂಜೆಯಾದ ಮೇಲೆ ದೋಣಿಯನ್ನು ಯಾವ ದಡದ ಗೂಟಕ್ಕೆ ಕಟ್ಟಬೇಕು ಎಂಬುದೇ ಕಾರಣ. ಹತ್ತು ದಿನ ಎರಡೂ ಕಡೆಯವರು ಒಬ್ಬರನ್ನೊಬ್ಬರು ಬೈದು ಸುಸ್ತಾದರು. ಹನ್ನೊಂದನೇ ದಿನ ನಮ್ಮ ದಂಡು ಊಟಕ್ಕೆ ಕೂತಿದ್ದಾಗ ಅವರು ಹೊಳೆ ದಾಟಿ ಬಂದರು. ಸಾರು ಮುಗಿದಿತ್ತು, ಮಜ್ಜಿಗೆ ಬರಬೇಕಿತ್ತು. ಮಜ್ಜಿಗೆಗೆ ಮುಂಚೆ ಎಲೆ ಬಿಟ್ಟು ಏಳುವುದು ನಮ್ಮಲ್ಲಿ ಸಾವಿಗಿಂತ ದೊಡ್ಡ ಅಪಶಕುನ. ಒಬ್ಬನೂ ಏಳಲಿಲ್ಲ. ಮಜ್ಜಿಗೆ ಬರುವಷ್ಟರಲ್ಲಿ ಸೋತಿದ್ದೆವು. ಯಾರಿಗೂ ಗಾಯವಾಗಲಿಲ್ಲ, ಮಾನಕ್ಕೆ ಮಾತ್ರ ಆಯಿತು, ಅದಕ್ಕೆ ಮುಲಾಮಿಲ್ಲ. ಗೆದ್ದವರು ದೋಣಿಯನ್ನು ಎಳೆದುಕೊಂಡು ಹೋಗುತ್ತಾ ಒಂದೇ ಮಾತು ಹೇಳಿದರು: “ನಿಮ್ ದಂಡನಾಯಕ ಕತ್ತಿ ಕೆಳಗಿಟ್ಟು ಕೈ ಮುಗೀಲಿ, ದೋಣಿ ಬಿಡ್ತೀವಿ. ಅಲ್ಲೀತನಕ ಆಳೂ ದಾಟಂಗಿಲ್ಲ, ಬೊಂಬೆನೂ ಇಲ್ಲ, ಕಾಗದಾನೂ ಇಲ್ಲ.” ನಮ್ಮ ದಂಡನಾಯಕರು ಕೈ ಮುಗಿಯಲಿಲ್ಲ. ಹಾಗೇ ತೀರಿಕೊಂಡರು. ಅವರ ಮಗ ದಂಡಿನ ಶಾಂತವೀರಪ್ಪನವರಿಗೆ ಅಪ್ಪನ ಕತ್ತಿ, ಅಪ್ಪನ ಮೀಸೆ, ಅಪ್ಪನ ಸೋಲು ಮೂರೂ ಪಿತ್ರಾರ್ಜಿತವಾಗಿ ಬಂದವು. ದಂಡಿಲ್ಲದ ಊರಿಗೆ ಅವರೇ ಈಗಿನ ದಂಡನಾಯಕರು. ಪದವಿ ದಂಡ ಎಂದು ನಾನು ಬರೆದದ್ದುಂಟು.

ನನ್ನ ದೊಡ್ಡಮ್ಮ ಸಾವಂತ್ರಮ್ಮ ಆಚೆ ದಡದ ಹೆಣ್ಣು. ಯುದ್ಧಕ್ಕೆ ಒಂದು ವರ್ಷ ಮುಂಚೆ ಮದುವೆಯಾಗಿ ಈ ದಡಕ್ಕೆ ಬಂದವಳು, ಮತ್ತೆ ತವರಿನ ಮೆಟ್ಟಿಲು ಕಾಣಲಿಲ್ಲ. ಆದರೆ ಸೋಮವಾರ ಸೋಮವಾರ ಬಟ್ಟೆ ಒಗೆಯಲು ಹೊಳೆಗೆ ಹೋಗುತ್ತಿದ್ದಳು. ಎದುರು ದಡದ ಕಲ್ಲಿಗೆ ಅವಳ ತಂಗಿ ಬಂಗಾರಿ ಬರುತ್ತಿದ್ದಳು. ಕೂಗಿದರೆ ಮಾತು ನಡುಹೊಳೆಯಲ್ಲೇ ಮುಳುಗುತ್ತಿತ್ತು. ಕಲ್ಲಿಗೆ ಹೊಡೆದ ಬಟ್ಟೆಯ ಏಟು ಮಾತ್ರ ಈಜಿಕೊಂಡು ಬರುತ್ತಿತ್ತು. ಏಟನ್ನು ತಡೆಯುವ ಕರಾರನ್ನು ಯಾವ ಗೆದ್ದವನೂ ಬರೆಸಿರಲಿಲ್ಲ. ಒಂದು ಏಟು ಎಂದರೆ ‘ಇದ್ದೀನಿ’. ಎರಡು ಎಂದರೆ ‘ಎಲ್ಲ ಚೆನ್ನಾಗಿದೆ’. ಮೂರು ಎಂದರೆ ‘ಮನೆಗೆ ಹೊಸ ಜೀವ ಬಂತು’. ನನ್ನ ಹೆತ್ತವಳು ತೀರಿಕೊಂಡಾಗ ಎರಡು ತಿಂಗಳ ನನ್ನನ್ನು ಮಡಿಲಿಗೆ ಹಾಕಿಕೊಂಡು ಬಂದ ದೊಡ್ಡಮ್ಮ, ಮುಂದಿನ ಸೋಮವಾರ ಹೊಳೆಗೆ ಹೋಗಿ ಮೂರು ಏಟು ಹೊಡೆದಳಂತೆ. ಮಕ್ಕಳಿಲ್ಲದ ಮನೆಯಿಂದ ಮೂರು ಏಟು ಕೇಳಿ ಬಂಗಾರಿ ಕೈಯಲ್ಲಿದ್ದ ಸೀರೆಯನ್ನೇ ಹೊಳೆಗೆ ಬಿಟ್ಟುಬಿಟ್ಟಳಂತೆ. ಆ ಸೀರೆ ಇವತ್ತಿಗೂ ಸಿಕ್ಕಿಲ್ಲ, ಅದರ ಲೆಕ್ಕ ನನ್ನ ತಲೆಯ ಮೇಲಿದೆ. ನನಗೂ ಬಟ್ಟೆ ಒಗೆಯುವುದನ್ನು ಕಲಿಸಲು ನೋಡಿದಳು. ನಾನು ಸಿಟ್ಟು ಬಂದವನ ಹಾಗೆ ಬಡಿಯುತ್ತಿದ್ದೆ. “ಸಾಕು ನಿಲ್ಸೋ ಸೋಮಿ, ಬಟ್ಟೆ ಹರೀತದೆ” ಎಂದು ಕಿತ್ತುಕೊಳ್ಳುತ್ತಿದ್ದಳು.

ಸೋತು ನಲವತ್ತೊಂದು ವರ್ಷವಾದ ಸಂಭ್ರಮಕ್ಕೆ ಒಂದು ಸಿನಿಮಾ ಮಾಡಬೇಕು ಎಂದು ಪುರಸಭೆಯ ಬೊಂಬೆಗಳು ತೀರ್ಮಾನಿಸಿದವು. ಅದರಲ್ಲಿ ನಾವು ಗೆಲ್ಲಬೇಕು. ಗೆದ್ದವರಿಗೆ ಚರಿತ್ರೆ, ಸೋತವರಿಗೆ ಚಿತ್ರ, ಅದು ಲೋಕದ ನ್ಯಾಯ. ನಿರ್ದೇಶನ ಬೊಂಬೆಯಾಟದ ಸಿಂಗಾರಯ್ಯನದು, ಕ್ಯಾಮೆರಾ ಅವನ ಮಗಳು ಮುನಿಲಕ್ಷ್ಮಿಯದು, ಕಥೆ ನನ್ನದು. ನಾನು ಹೆಚ್ಚೇನೂ ತಿರುಚಲಿಲ್ಲ. ನನ್ನ ಕಥೆಯಲ್ಲೂ ಶತ್ರುಗಳು ಊಟದ ಹೊತ್ತಿಗೇ ಬರುತ್ತಾರೆ. ಆದರೆ ನಮ್ಮವರು “ಬನ್ನಿ, ಬನ್ನಿ, ಎಲೆ ಹಾಕ್ತೀವಿ” ಎನ್ನುತ್ತಾರೆ. ಕೂತವರು ಮಜ್ಜಿಗೆಗೆ ಮುಂಚೆ ಏಳುವಂತಿಲ್ಲ. ನಮ್ಮ ಅಡಿಗೆಯವರು ಮಜ್ಜಿಗೆಯನ್ನು ತರುವುದೇ ಇಲ್ಲ. ಮುದ್ದೆಯ ಮೇಲೆ ಮುದ್ದೆ, ಹೋಳಿಗೆಯ ಮೇಲೆ ಹೋಳಿಗೆ, ಹನ್ನೊಂದು ದಿನ. ಕೊನೆಗೆ ಶತ್ರುಗಳ ದಂಡನಾಯಕ ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದು, “ಸಾಕು ಮಾರಾಯ್ರೇ, ಸೋತ್ವಿ” ಎಂದು ಶರಣಾಗುತ್ತಾನೆ. ಬಡಿಸಿಕೊಂಡು ಸೋತಿದ್ದೆವು, ಬಡಿಸಿ ಗೆದ್ದೆವು.

ಕಥೆ ಎಲ್ಲರಿಗೂ ಹಿಡಿಸಿತು, ಪಾತ್ರ ಯಾರಿಗೂ ಹಿಡಿಸಲಿಲ್ಲ. ಶತ್ರು ಸೈನಿಕರಾಗಿ ಕೂತು ಉಣ್ಣಲು ತೀರಿಕೊಂಡವರ ಬೊಂಬೆಗಳನ್ನು ತಂದೆವು. ಅವರ ಪರವಾಗಿ ಜಗಳಕ್ಕೆ ಬರುವವರಿಲ್ಲ. ಆದರೆ ಸತ್ತವರ ಬೊಂಬೆಗೆ ದಾರ ಕಟ್ಟುವ ಒಡೆಯನಿಲ್ಲ, ಅದನ್ನು ಆಡಿಸಿ ಮಾತಾಡಿಸುವಂತಿಲ್ಲ. ಶರಣಾಗುವ ದಂಡನಾಯಕನಿಗೆ ಬದುಕಿರುವವರದೇ ಬೊಂಬೆ ಬೇಕು. ಸೋಲುವುದಕ್ಕೆ ಯಾರು ಬರುತ್ತಾರೆ? ಮನೆಮನೆ ತಿರುಗಿ ಸುಸ್ತಾಗಿ ಬಂದು ಕೂತಾಗ ದೊಡ್ಡಮ್ಮ ಗೋಡೆಯಿಂದ ತನ್ನ ಬೊಂಬೆಯನ್ನು ಇಳಿಸಿ ಧೂಳು ಕೊಡವಿದಳು.

“ಇದಕ್ಕೊಂದು ಮೀಸೆ ಅಂಟಿಸು.”

“ದೊಡ್ಡಮ್ಮ, ಊರು ಆಡ್ಕೊಳ್ತದೆ.”

“ಆಡ್ಕೊಳ್ಲಿ. ನಾನು ಆ ದಡದೋಳೇ ತಾನೆ? ಕಥೆ ಕೊನೇಲಿ ಅವನು ಏನಾದ್ರೂ ಹೇಳ್ತಾನಲ್ಲ, ದೋಣಿ ಬಿಡ್ತೀನಿ ಅಂತ ಒಂದು ಮಾತು ಸೇರ್ಸು.”

“ನೀನು ಹೇಳಿದ್ರೆ ಅದು ನೀನು ಹೇಳಿದಂಗೆ. ಆಚೆ ದಡದೋರು ಹೇಳಿದಂಗಲ್ಲ.”

“ಗೊತ್ತು ಕಣೋ. ಆದ್ರೂ ಯಾರಾದ್ರೂ ಒಬ್ರ ಬಾಯಲ್ಲಿ ಕೇಳ್ಬೇಕು ಅನ್ಸಿದೆ.” ಆಮೇಲೆ ಬೊಂಬೆಯ ಸೀರೆಯ ನೆರಿಗೆ ಸರಿಮಾಡುತ್ತಾ, ನನ್ನ ಕಡೆ ನೋಡದೆ ಹೇಳಿದಳು: “ಮೂರು ಸೋಮವಾರ ಆಯ್ತು, ಬಂಗಾರಿದು ಒಂದೇ ಏಟು. ಅದೂ ಮೆತ್ತಗೆ. ಎಷ್ಟು ಸಲ ಕೇಳಿದ್ರೂ ಒಂದೇ.”

ನನ್ನ ತಮಾಷೆಯ ಸಿನಿಮಾ ಅಲ್ಲಿಗೆ ತಮಾಷೆಯಾಗಿ ಉಳಿಯಲಿಲ್ಲ. ನಮ್ಮ ಕಡೆಯ ದಂಡನಾಯಕನ ಪಾತ್ರಕ್ಕೆ ಶಾಂತವೀರಪ್ಪನವರ ಬೊಂಬೆ ಕೇಳಲು ಹೋಗಬೇಕಿತ್ತು. ದೊಡ್ಡಮ್ಮನನ್ನೂ ಕರೆದುಕೊಂಡು ಹೋದೆ.

ಶಾಂತವೀರಪ್ಪನವರು ಜಗಲಿಯಲ್ಲಿ ಕೂತು ನಮ್ಮ ಪತ್ರಿಕೆಯನ್ನು ತೋಳುದ್ದ ದೂರ ಹಿಡಿದು ಓದುತ್ತಿದ್ದರು. ಅವರಿಗೆ ಕನ್ನಡಕ ಬೇಕು, ಜಂಬಕ್ಕೆ ಹಾಕುವುದಿಲ್ಲ ಎಂಬುದು ಊರಿನ ಹಳೆಯ ಅನುಮಾನ. ಯಾರಾದರೂ ಕೇಳಿದರೆ, “ದಂಡನಾಯಕನ ಕಣ್ಣಯ್ಯ ಇದು, ಹದ್ದಿನ ಕಣ್ಣು” ಎಂದು ಗದರುತ್ತಿದ್ದರು. ಗೆಲ್ಲುವ ಪಾತ್ರ ಎಂದೊಡನೆ ಬೊಂಬೆ ಕೊಡಲು ಒಪ್ಪಿದರು. ದೊಡ್ಡಮ್ಮ ಕೆಳಗಿನ ಮೆಟ್ಟಿಲಲ್ಲೇ ಕೂತು ಮೂರು ಸೋಮವಾರದ ಕಥೆ ಹೇಳಿದಳು. ಬೇಡಲಿಲ್ಲ, ಹೇಳಿದಳು ಅಷ್ಟೇ.

“ನನ್ನನ್ನ ಏನ್ಮಾಡು ಅಂತೀಯ ಸಾವಂತ್ರಮ್ಮ? ನಮ್ಮಪ್ಪ ಮುಗೀದ ಕೈಯನ್ನ ನಾನು ಮುಗೀಲಾ? ಇಡೀ ಊರು ನನ್ನ ಮೇಲೆ ಉಗೀತದೆ.”

“ನಾನೇನೂ ಮಾಡಿ ಅನ್ನಲಿಲ್ಲ ದಣಿ. ಸಿನಿಮಾದಲ್ಲಿ ನಾನು ನಿಮ್ಮೆದುರು ನಿಂತ್ಕೊಳ್ಳೋಳಲ್ವಾ, ಗೊತ್ತಿರ್ಲಿ ಅಂತ ಅಂದೆ.”

“ನಿಂತ್ಕೊ. ಬೊಂಬೆ ಕೊಟ್ಟಾಯ್ತಲ್ಲ, ಹೊರಡಿ ಇನ್ನ” ಎಂದು ಅವರು ಮತ್ತೆ ಪತ್ರಿಕೆ ಹಿಡಿದರು. ಅದು ತಲೆಕೆಳಗಾಗಿತ್ತು.

ದಡದ ಮೇಲೆ ನಲವತ್ತೊಂದು ವರ್ಷದಿಂದ ಖಾಲಿ ಬಿದ್ದಿದ್ದ ದೋಣಿಮನೆಯಲ್ಲಿ ಶೂಟಿಂಗ್ ನಡೆಯಿತು. ಮೊದಲನೇ ದಿನವೇ ಒಂದು ಪಾಠ ಕಲಿತೆವು. ಅಡಿಗೆಯವನಾಗಿದ್ದ ಟೈಲರ್ ದಾವೂದನ ಬೊಂಬೆ, ಸೋಮಾರಿ ಸಿಪಾಯಿಯಾಗಿದ್ದ ಕಾಂಪೌಂಡರ್ ತಿಪ್ಪಯ್ಯನ ಬೊಂಬೆಯ ಕೆನ್ನೆಗೆ ಒಂದು ಬಿಡಬೇಕಿತ್ತು. ಮುನಿಲಕ್ಷ್ಮಿಗೆ ಸರಿ ಬರಲಿಲ್ಲ ಎಂದು ಎರಡು ಸಲ ರೀಟೇಕ್ ಆಯಿತು. ಮಧ್ಯಾಹ್ನ ತಿಪ್ಪಯ್ಯ ಸೈಕಲ್ ಏರಿ ನೇರ ದಾವೂದನ ಅಂಗಡಿಗೆ ಹೋಗಿ, “ಒಂದು ಕಥೇಲಿತ್ತು, ಒಪ್ಕೋತೀನಿ. ಇನ್ನೆರಡು ಯಾಕ್ ಹೊಡ್ದೆ?” ಎಂದು ಕೇಳಿ ಎರಡು ವಾಪಸ್ ಕೊಟ್ಟು ಬಂದ. ದಾವೂದನೂ ನ್ಯಾಯಸ್ಥ, ಕೆನ್ನೆ ಒಡ್ಡಿದನಂತೆ. ಅಂದಿನಿಂದ ಸಿಂಗಾರಯ್ಯ ರೀಟೇಕ್ ಎಂಬ ಮಾತನ್ನೇ ಬಿಟ್ಟ. ಮಾಡಿದ್ದು ಮಾಡಿದ ಹಾಗೇ. ನಮ್ಮ ದಂಡಿನ ಪಂಕ್ತಿಯಲ್ಲಿ ಮುದ್ದೆ ಉಂಡ ಬೊಂಬೆಗಳ ಒಡೆಯರಿಗೆ ಮನೆಯಲ್ಲಿ ರಾತ್ರಿ ಊಟ ಹಾಕಲಿಲ್ಲ ಎಂಬ ದೂರುಗಳೂ ಬಂದವು. ಅದು ಹೆಂಗಸರ ಇಲಾಖೆ, ನಾನು ತಲೆ ಹಾಕಲಿಲ್ಲ.

ಕೊನೆಯ ದೃಶ್ಯದ ದಿನ ಊರೇ ದೋಣಿಮನೆಯ ಸುತ್ತ ನೆರೆದಿತ್ತು. ದೊಡ್ಡಮ್ಮ ತನ್ನ ಬೊಂಬೆಗೆ ದಾರ ಕಟ್ಟಿ ತಂದಿದ್ದಳು. ಹಸಿರು ಸೀರೆಯ ಮೇಲೆ ದಂಡನಾಯಕನ ಕೋಟು, ಮೂಗಿನ ಕೆಳಗೆ ಕುರಿತುಪ್ಪಟದ ಮೀಸೆ, ಮೀಸೆಯ ಮೇಲೆ ಮೂಗುಬೊಟ್ಟು. ಇಂಥ ಶತ್ರುವಿಗೆ ಯಾರಾದರೂ ಸೋಲಬೇಕು. ಶಾಂತವೀರಪ್ಪನವರು ರೇಷ್ಮೆ ರುಮಾಲು ಸುತ್ತಿದ ತಮ್ಮ ಬೊಂಬೆಯನ್ನು ಎದೆಗವಚಿಕೊಂಡು ಬಂದು ಸಿಂಗಾರಯ್ಯನ ಕೈಗಿತ್ತು, ಮುಂದಿನ ಕುರ್ಚಿಯಲ್ಲಿ ಕೂತರು. ಅವರ ಬೊಂಬೆ ಬಲಗೈಯಲ್ಲಿ ಕತ್ತಿ ಎತ್ತಬೇಕು, ದೊಡ್ಡಮ್ಮನ ಬೊಂಬೆ ಶರಣು ಎನ್ನಬೇಕು, ಜೈಕಾರ, ಮುಕ್ತಾಯ.

ಮುನಿಲಕ್ಷ್ಮಿ ಕ್ಯಾಮೆರಾ ತಿರುಗಿಸಿದಳು. ಸಿಂಗಾರಯ್ಯ ಬಲಗೈ ದಾರವನ್ನು ಜಗ್ಗಿದ. ಬಲಗೈ ಏಳುವುದರ ಜೊತೆಗೆ ಎಡಗೈಯೂ ಎದ್ದಿತು. ಎರಡೂ ಕೈಗೆ ಒಂದೇ ದಾರ, ಒಂದೇ ಗಂಟು. ಕತ್ತಿ ಜಾರಿ ದೊಡ್ಡಮ್ಮನ ಬೊಂಬೆಯ ಕಾಲ ಬುಡಕ್ಕೆ ಠಣ್ ಎಂದು ಬಿತ್ತು. ಎರಡು ಮರದ ಅಂಗೈಗಳು ಟಕ್ ಎಂದು ಒಂದಕ್ಕೊಂದು ಸೇರಿದವು. ಜಗ್ಗಿದ ರಭಸಕ್ಕೆ ರುಮಾಲಿನ ತಲೆ ಮುಂದಕ್ಕೆ ಬಾಗಿತು.

ಮೊದಲು ಬಾಯಿ ಬಿಟ್ಟವನು ತಿಪ್ಪಯ್ಯ. “ಅಯ್ಯಯ್ಯೋ! ದಂಡನಾಯಕ್ರು ಆ ದಡಕ್ಕೆ ಕೈ ಮುಗಿದ್ಬಿಟ್ರು!”

“ತೆಗೀರಿ ಅದನ್ನ! ಕತ್ರಿ ಹಾಕಿ ಫಿಲಮ್ಮಿಗೆ!” ಎಂದು ಗದ್ದಲವೆದ್ದಿತು. ಸಿಂಗಾರಯ್ಯ ದಾರವನ್ನು ಎತ್ತಿ ತೋರಿಸಿದ. “ನನ್ನ ತಪ್ಪಲ್ಲ ದಣಿ, ನಾನು ಬಲಗೈದೇ ಜಗ್ಗಿದ್ದು. ಗಂಟು ನೋಡಿ, ಗಂಟು ನಿಮ್ಮನೇಲಿ ಬಿದ್ದಿದ್ದು…”

ಶಾಂತವೀರಪ್ಪನವರು ನಿಧಾನಕ್ಕೆ ಎದ್ದರು. ನಾನು ಮೀಸೆ ನಡುಗುವುದನ್ನು ಕಾಯುತ್ತಿದ್ದೆ, ಅದು ನಡುಗಲಿಲ್ಲ. ಬೊಂಬೆಯ ಹತ್ತಿರ ಹೋಗಿ, ಮೂಗಿಗೆ ತಾಗುವಷ್ಟು ಹತ್ತಿರ ದಾರವನ್ನು ಹಿಡಿದು ನೋಡಿದರು.

“ಹೌದಲ್ಲಯ್ಯಾ” ಎಂದರು. “ಕಣ್ಣು ಮಂಜು ಕಣ್ರೋ ನಂಗೆ. ಎಷ್ಟೋ ವರ್ಷ ಆಯ್ತು, ಹೇಳ್ಕೊಂಡಿರ್ಲಿಲ್ಲ. ಬೆಳಗ್ಗೆ ಕಟ್ಟೋವಾಗ ಎರಡು ದಾರ ಒಂದೇ ಥರ ಕಂಡ್ವು.”

ಹದ್ದಿನ ಕಣ್ಣಿನ ದಂಡನಾಯಕರು ಕಣ್ಣು ಮಂಜು ಎಂದು ಒಪ್ಪಿಕೊಂಡದ್ದು ಊರಿಗೆ ಎರಡನೇ ಸಿಡಿಲು. ದಾವೂದ ಸಮಾಧಾನ ಮಾಡಲು ಹೋದ: “ಹೋಗ್ಲಿ ಬಿಡಿ ದಣಿ, ಕಣ್ತಪ್ಪಿಂದ ಆಗಿದ್ದು ಲೆಕ್ಕಕ್ಕಿಲ್ಲ. ಇದನ್ನ ಕತ್ರಿಸಿ ಇನ್ನೊಂದ್ಸಲ ಎತ್ತಿಸೋಣ.”

“ಲೆಕ್ಕಕ್ಕಿಲ್ಲ ಅಂದ್ರೆ ಹೆಂಗಯ್ಯ? ಬೊಂಬೆ ಮಾಡಿದ್ದು ಮಾಡಿದಂಗಲ್ಲ ಅನ್ನೋದಾದ್ರೆ, ನಿನ್ ಬೊಂಬೆ ಹೊಡೆದಿದ್ದೂ ಸುಳ್ಳು. ಆಮೇಲೆ ತಿಪ್ಪಯ್ಯ ನಿನಗೆ ಸುಮ್ ಸುಮ್ನೆ ಹೊಡೆದಂಗಾಯ್ತು. ಏನ್ ತಿಪ್ಪಯ್ಯ, ಕೆನ್ನೆ ಒಡ್ತೀಯಾ?”

ತಿಪ್ಪಯ್ಯ ಎರಡು ಹೆಜ್ಜೆ ಹಿಂದಕ್ಕೆ ಸರಿದು, “ಮಾಡಿದ್ದು ಮಾಡಿದಂಗೇ ದಣಿ, ಅದರಲ್ಲಿ ಎರಡು ಮಾತಿಲ್ಲ” ಎಂದ. ಮದುವೆಗೆ ಬೊಂಬೆ ಕಳಿಸಿದವರು, ಸಭೆಗೆ ಬೊಂಬೆ ಕೂರಿಸಿದವರು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಒಂದು ದಾರ ಬಿಚ್ಚಿದರೆ ಯಾರ ಯಾರ ಸಂಸಾರ ಬಿಚ್ಚಿಕೊಳ್ಳುತ್ತದೋ ಎಂಬ ಭಯ ಪ್ರತಿಯೊಬ್ಬರಿಗೂ ಇತ್ತು. ಕತ್ತರಿಯ ಮಾತು ಅಲ್ಲಿಗೇ ನಿಂತಿತು. ದೊಡ್ಡಮ್ಮ ತನ್ನ ಬೊಂಬೆಯನ್ನು ಎತ್ತಿಕೊಂಡು ಅದರ ಮೀಸೆಯಲ್ಲಿ ಮುಖ ಹುದುಗಿಸಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಕುರಿತುಪ್ಪಟಕ್ಕೇ ಗೊತ್ತು.

ಮರುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಳೆಯ ದಡದಲ್ಲಿ ಎರಡು ಗಳಕ್ಕೆ ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸಿದೆವು. ತೆಳು ಬಟ್ಟೆ, ಈಚೆಯಿಂದ ನಾವು ನೋಡಿದರೆ ಆಚೆ ದಡದವರಿಗೆ ಹಿಂದಿನಿಂದ ಕಾಣುತ್ತಿತ್ತು. ಹೊಳೆಯ ತೆರೆಯ ಮೇಲೂ ಇದೇ ತೆರೆ ಕುಣಿಯುತ್ತಿತ್ತು. ಮುದ್ದೆ ಹೋಳಿಗೆಗಳ ಮಹಾಯುದ್ಧಕ್ಕೆ ನಮ್ಮವರು ಬಿದ್ದು ಬಿದ್ದು ನಕ್ಕರು. ಸ್ವಲ್ಪ ಹೊತ್ತಿಗೆ ಆಚೆಯಿಂದಲೂ ನಗು ಬಂತು. ಇಷ್ಟು ವರ್ಷದಲ್ಲಿ ನಾವು ಒಂದೇ ತಮಾಷೆಗೆ ನಕ್ಕದ್ದು ಅದೇ ಮೊದಲು. ಹಿಂದಿನಿಂದ ನೋಡುವವರಿಗೆ ಬಲ ಎಡವಾಗಿ, ಎಡ ಬಲವಾಗಿ ಎಲ್ಲ ತಿರುಗುಮುರುಗಾಗಿ ಕಾಣುತ್ತದೆ. ಆದರೆ ಮುಗಿದ ಕೈ ಯಾವ ಕಡೆಯಿಂದ ನೋಡಿದರೂ ಮುಗಿದ ಕೈಯೇ. ಕತ್ತಿ ಬಿತ್ತು, ಅಂಗೈ ಸೇರಿತು, ರುಮಾಲು ಬಾಗಿತು. ಬಹಳ ಹೊತ್ತಾದ ಮೇಲೆ, ಬಳಕೆ ತಪ್ಪಿದ ಸರಪಳಿಯೊಂದನ್ನು ಆಚೆಯ ಗೂಟದಿಂದ ಬಿಚ್ಚುವ ಕಿರುಗುಟ್ಟುವ ಸದ್ದು ಹೊಳೆಯ ಮೇಲಿಂದ ಕೇಳಿಸಿತು.

ಬೆಳಗ್ಗೆ ದೋಣಿ ನಮ್ಮ ದಡದಲ್ಲಿತ್ತು. ದೊಡ್ಡಮ್ಮ ಒಂದು ಬಟ್ಟೆಗಂಟು, ಒಂದು ಡಬ್ಬಿ ಹೋಳಿಗೆ, ಕಂಕುಳಲ್ಲಿ ಬೊಂಬೆ ಹಿಡಿದು ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದಳು. ಮೀಸೆಯ ಒಂದು ತುದಿ ಬೊಂಬೆಯ ಬಟ್ಟೆಮುಖದಿಂದ ಕಿತ್ತು ನೇತಾಡುತ್ತಿತ್ತು.

“ಇದನ್ನ ಹೊಲ್ಕೊಡೋ ಸೋಮಿ. ಬಂಗಾರಿಗೆ ಮೀಸೆ ಸಮೇತ ತೋರಿಸ್ಬೇಕು” ಎಂದು ಬಳೆಗೆ ಸಿಕ್ಕಿಸಿದ್ದ ಸೂಜಿಯನ್ನು ತೆಗೆದುಕೊಟ್ಟಳು. ಸೀರೆಗೆ ಹೊಲಿಯುವ ಸಣ್ಣ ಸೂಜಿ. ಹೊಳೆಯ ಮೇಲೆ ಇನ್ನೂ ಮಂಜಿತ್ತು. ನಾನು ದಾರದ ತುದಿಯನ್ನು ಎಂಜಲು ಮಾಡಿ ಮೂರು ಸಲ ಪ್ರಯತ್ನಿಸಿದೆ. ಸೂಜಿಗೆ ಕಣ್ಣಿದೆ ಎಂಬುದೇ ಸುಳ್ಳು ಎನ್ನಿಸಿತು.

“ತಾರಯ್ಯ ಇಲ್ಲಿ” ಎಂಬ ದನಿ ಕೇಳಿತು. ಬೀಳ್ಕೊಡಲು ಬಂದಿದ್ದ ಶಾಂತವೀರಪ್ಪನವರು. ಸೂಜಿ ಇಸಿದುಕೊಂಡರು, ತೋಳುದ್ದ ದೂರದಲ್ಲೇ ಹಿಡಿದು, ಸರ್ರನೆ ಒಂದೇ ಸಲಕ್ಕೆ ದಾರ ಪೋಣಿಸಿದರು. ಮೀಸೆಗೆ ಎರಡು ಹೊಲಿಗೆ ಹಾಕಿ, ಕೊನೆಗೆ ಸಾಸಿವೆ ಕಾಳಿನಷ್ಟು ಅಚ್ಚುಕಟ್ಟಾದ ಗಂಟು ಬಿಗಿದು, ಹಲ್ಲಿನಲ್ಲಿ ಕಡಿದು, ಬೊಂಬೆಯನ್ನು ದೊಡ್ಡಮ್ಮನ ಮಡಿಲಿಗಿಟ್ಟರು. ಆಮೇಲೆ ತಲೆಯೆತ್ತಿದರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ.

“ಏನಯ್ಯ ಬರೆಯೋನೇ, ಏನೋ ನೋಡ್ದಂಗಿತ್ತು?”

“ಇಲ್ಲ ದಣಿ. ನನಗೂ ಬೆಳಗಿನ ಹೊತ್ತು ಕಣ್ಣು ಸ್ವಲ್ಪ ಮಂಜು.”

ಅವರು ಮೀಸೆಯೊಳಗೇ ನಕ್ಕರು. ಅಪ್ಪನ ಸೋಲನ್ನು ಊರಿಗೆ ಕೊಡದೆ ತಾವೊಬ್ಬರೇ ನುಂಗಿಕೊಂಡವರು, ಅದಕ್ಕಾಗಿ ತಮ್ಮ ಹದ್ದಿನ ಕಣ್ಣನ್ನೇ ಬಿಟ್ಟುಕೊಟ್ಟವರು. ನಾನು ಎಷ್ಟು ವರ್ಷ ಎಷ್ಟು ಅಂಕಣಗಳಲ್ಲಿ ಅವರನ್ನು ದಂಡ ಎಂದು ಬರೆದಿದ್ದೆ! ಕೈ ಮುಗಿಯಲು ಹೋದೆ. “ಏಯ್, ಬೇಡ. ಕೈ ಮುಗಿಯೋ ಕೆಲಸ ಬೊಂಬೆಗಿರ್ಲಿ” ಎಂದು ಕೋಲು ಊರಿಕೊಂಡು ಹೊರಟೇಬಿಟ್ಟರು. ದಾರಿಯಲ್ಲಿದ್ದ ಕಲ್ಲೊಂದನ್ನು ಕಾಣದವರ ಹಾಗೆ ಬೇಕೆಂದೇ ಎಡವಿದರು. ಕಟ್ಟೆಯ ಮೇಲೆ ಕೂತವರು ನೋಡುತ್ತಿದ್ದರು.

ದೋಣಿ ಬಿಡುವಾಗ ಕೇಳಿದೆ: “ದೊಡ್ಡಮ್ಮ, ಉಪಕಾರ ಆಯ್ತು ಅನ್ನೋದಕ್ಕೆ ಎಷ್ಟು ಏಟು?”

ಅವಳು ಯೋಚಿಸಿದಳು. “ಅದಕ್ಕೆ ಏಟು ಇಲ್ವಲ್ಲೋ. ನಾವಿಬ್ರೂ ಯಾವತ್ತೂ ಹೇಳ್ಕೊಂಡಿಲ್ಲ.”

ಸೋಮವಾರ ನಾನೇ ಬಟ್ಟೆಯ ಬುಟ್ಟಿ ಹೊತ್ತು ಹೊಳೆಗೆ ಹೋದೆ. ದೋಣಿಯವನು ಅಷ್ಟರಲ್ಲಿ ಸುದ್ದಿ ತಂದಿದ್ದ: ಬಂಗಾರಿ ಮೆಟ್ಟಿಲು ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳಂತೆ, ಇಷ್ಟು ವಾರ ಎಡಗೈಯಲ್ಲಿ, ನೋವಿನಲ್ಲಿ, ಒಂದೊಂದೇ ಏಟು ಹೊಡೆಯಲು ಹೊಳೆಗೆ ಬರುತ್ತಿದ್ದಳಂತೆ. ಆಚೆಯ ಕಲ್ಲಿನ ಮೇಲೆ ಈಗ ಎರಡು ಚುಕ್ಕೆ ಕಾಣುತ್ತಿದ್ದವು. ದೊಡ್ಡಮ್ಮನ ಕಲ್ಲಿನ ಮೇಲೆ ನಿಂತು ನನ್ನ ಪಂಚೆಯನ್ನು ಎತ್ತಿ ಬಡಿಯತೊಡಗಿದೆ. ಭಾಷೆ ಬಾರದವನು ಎಷ್ಟು ಹೊಡೆಯಬೇಕೆಂದು ಲೆಕ್ಕ ಇಡಲಿಲ್ಲ. ನನ್ನನ್ನು ಸಾಕಿದ್ದಕ್ಕೆ, ಹೊಳೆಯ ಪಾಲಾದ ಸೀರೆಗೆ, ಒಂದು ಗಂಟಿಗೆ, ಸುಮ್ಮನೆ ಬಡಿಯುತ್ತಲೇ ಹೋದೆ. ಪಂಚೆ ಚರ್ರೆಂದು ಅಂಚಿನಿಂದ ಹರಿಯಿತು. ಆಗ ನಿಲ್ಲಿಸಿದೆ.

ಆಚೆಯಿಂದ ಒಂದು ಏಟು ಬಂತು, ಗಟ್ಟಿಯಾಗಿ. ಅದರ ಬೆನ್ನಿಗೇ ಇನ್ನೊಂದು, ಮೆತ್ತಗೆ, ಎಡಗೈಯದು. ಇದ್ದೀನಿ.

ಇದ್ದೀನಿ.